ನಾನು ಇಳಿಯದ ಕಡಲು

ಆ ಕಡಲಿಗೆ ನಾನು ಇಳಿದಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ಅರ್ಧ ಗಂಟೆ ನಿಂತಿದ್ದೆ ಎಂದು ಬರೆದದ್ದು ಸುಳ್ಳು. ಎದೆಮಟ್ಟ ಹಾಗಿರಲಿ, ನನ್ನ ಚಪ್ಪಲಿ ಕೂಡ ಆ ನೀರಿಗೆ ಒದ್ದೆಯಾಗಿರಲಿಲ್ಲ. ಈ ಸುಳ್ಳಿನಿಂದ ಒಂದು ಮಗುವಿನ ಪ್ರಾಣ ಹೋಗುವುದರಲ್ಲಿತ್ತು. ಮಗು ಉಳಿಯಿತು. ತಪ್ಪಿನ ಹೊರೆಯನ್ನು ಮಾತ್ರ ಇನ್ನೊಬ್ಬರು ಹೊತ್ತರು. ಅವರು ಹೊರುವುದನ್ನು ಎರಡು ವರ್ಷ ನಾನು ನೋಡುತ್ತ ಕೂತೆ, ಬಾಯಿ ಬಿಡಲಿಲ್ಲ.

ನನ್ನ ಹೆಸರು ರಘು, ಮೈಸೂರಿನವನು. ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಚೇರಿಯಲ್ಲಿ ಕೆಲಸ, ಮನೆಯೂ ಅಲ್ಲೇ. ನಮ್ಮ ಕಟ್ಟಡದಲ್ಲಿ ಹನ್ನೊಂದು ಕನ್ನಡದ ಸಂಸಾರಗಳಿವೆ. ಎಲ್ಲರೂ ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪೊಂದಿದೆ. ನಮ್ಮಲ್ಲೊಂದು ಪದ್ಧತಿ — ಯಾರು ಪ್ರವಾಸ ಹೋಗಿ ಬಂದರೂ ಮುಂದಿನ ಭಾನುವಾರ ಸಂಜೆ ಉಳಿದವರನ್ನು ಮನೆಗೆ ಕರೆಯಬೇಕು, ಅಲ್ಲಿಂದ ತಂದದ್ದನ್ನು ತಿನ್ನಿಸಬೇಕು, ಕಂಡದ್ದನ್ನು ಹೇಳಬೇಕು. ಆಮೇಲೆ ಮುಂದೆ ಹೋಗುವವರಿಗಾಗಿ ಗುಂಪಿನಲ್ಲಿ ಟಿಪ್ಸ್ ಬರೆದು ಹಾಕಬೇಕು. ಈ ಟಿಪ್ಸ್ ಬರೆಯುವುದರಲ್ಲಿ ನನ್ನದು ಎತ್ತಿದ ಕೈ ಎಂಬ ಹೆಸರಿತ್ತು. "ರಘು ಸಾರ್ ಬರೆದಿದ್ರೆ ಗೈಡೇ ಬೇಡ" ಎಂದು ಯಾರೋ ಒಮ್ಮೆ ಹೇಳಿದ್ದರು. ಆ ಮಾತನ್ನು ಹೇಳಿದವರು ಮರೆತರೂ ನಾನು ಮರೆತಿರಲಿಲ್ಲ.

ಮೂರು ವರ್ಷದ ಹಿಂದೆ ನಾನೂ ಹೆಂಡತಿ ಸುಮಾಳೂ ಥಾಯ್ಲೆಂಡಿನ ಖಾವ್ ಲಾಕ್ ಎಂಬ ಕಡಲತೀರದ ಊರಿಗೆ ಹೋದೆವು. ಸುಮಾ ಇಲ್ಲಿ ಶಾಲೆಯಲ್ಲಿ ಟೀಚರ್, ಅವಳಿಗೆ ದೊಡ್ಡ ರಜೆ ಸಿಗುವುದು ಜುಲೈ-ಆಗಸ್ಟಿನಲ್ಲೇ. ದುಬೈ ಕಾದ ಕಾವಲಿಯಾಗಿರುವ ಆ ದಿನಗಳಲ್ಲಿ ಅಲ್ಲಿ ಮಳೆಗಾಲ ಎಂದು ನನಗೆ ಗೊತ್ತಿತ್ತು. ಮಳೆಯೆಂದರೆ ಸಂಜೆಗೊಂದು ಸುರಿದು ಹೋಗುತ್ತದೆ ಎಂದುಕೊಂಡಿದ್ದೆ. ನಾಲ್ಕು ದಿನ ಬಿಡಲಿಲ್ಲ. ದಡದ ಉದ್ದಕ್ಕೂ ಕೆಂಪು ಬಾವುಟಗಳು. ಹೋಟೆಲಿನ ಹುಡುಗಿ ಎರಡೂ ಕೈಗಳನ್ನು ಎದುರಿಗೆ ಅಡ್ಡ ಹಿಡಿದು, ನಗುತ್ತಲೇ, ನೀರಿಗೆ ಹೋಗಕೂಡದು ಎಂದು ತೋರಿಸಿದಳು. ನಾವು ವರಾಂಡದಲ್ಲಿ ಕೂತು ಮಾವಿನಹಣ್ಣು-ಅನ್ನ ತಿಂದೆವು, ಸಂತೆ ಸುತ್ತಿದೆವು, ಮತ್ತೆ ಬಂದು ವರಾಂಡದಲ್ಲಿ ಕೂತೆವು. ಕೊನೆಯ ದಿನ ಒಂದು ಗಂಟೆ ಬಿಸಿಲು ಬಂತು. ಓಡಿಹೋಗಿ ಫೋಟೊ ತೆಗೆಸಿಕೊಂಡೆ. ನನ್ನ ಎಡಭುಜದ ಹಿಂದೆಯೇ ಕೆಂಪು ಬಾವುಟ ಹಾರುತ್ತಿತ್ತು.

ಗುಂಪಿಗೆ ಹಾಕುವಾಗ ಆ ಎಡಭಾಗವನ್ನು ಕತ್ತರಿಸಿದೆ.

ಯಾಕೆ? — ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಉಳಿದ ಹತ್ತು ಮನೆಗಳಿಗೂ ಹೇಳಿ ಹೊರಟವನು, ನಾಲ್ಕು ದಿನ ಮಳೆ ನೋಡಿ ಬಂದೆ ಎಂದು ಹೇಗೆ ಹೇಳಲಿ? ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಆ ಟಿಪ್ಸ್‌ನಲ್ಲಿ ಅರ್ಧದಷ್ಟು ನಿಜವೇ ಇತ್ತು. ಸಸ್ಯಾಹಾರಿಗಳು 'ಜೇ' ಎಂದು ಕೇಳಿದರೆ ಅರ್ಥವಾಗುತ್ತದೆ, ಆದರೂ ಮೀನಿನ ಸಾಸ್ ಬೇಡವೆಂದು ಬಿಡಿಸಿ ಹೇಳಿ. ಚಟ್ನಿಪುಡಿ ಒಯ್ಯುವುದನ್ನು ಮರೆಯಬೇಡಿ. ಗಾಡಿ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ದೇವಸ್ಥಾನದಲ್ಲಿ ಬುದ್ಧನ ಕಡೆಗೆ ಕಾಲು ಚಾಚಬೇಡಿ. ಇವೆಲ್ಲ ಸರಿ. ಇವುಗಳ ನಡುವೆ ಹೀಗೂ ಬರೆದೆ — "ಸಮುದ್ರ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ನಾನೇ ಎದೆಮಟ್ಟದ ನೀರಿನಲ್ಲಿ ಅರ್ಧ ಗಂಟೆ ನಿಂತಿದ್ದೆ. ದೊಡ್ಡ ಹೋಟೆಲುಗಳ ಎದುರಿನ ಗದ್ದಲ ಬಿಟ್ಟು ದಕ್ಷಿಣಕ್ಕೆ ಹತ್ತು ನಿಮಿಷ ನಡೆಯಿರಿ, ದಡ ಇಡೀ ನಿಮ್ಮದೇ." ಆ ದಕ್ಷಿಣದ ದಡವನ್ನು ನಾನು ದೂರದಿಂದ ನೋಡಿದ್ದೆ, ಅಷ್ಟೇ. ಅಲ್ಲಿ ಹೋಟೆಲುಗಳಿರಲಿಲ್ಲವಾದ್ದರಿಂದ ಬಾವುಟ ನೆಡುವವರೂ ಇರಲಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಸುಮಾ ಓದಿ, "ಇದನ್ನ ಯಾಕ್ರೀ ಬರೀತೀರಾ? ಯಾರಾದ್ರೂ ನಂಬಿಬಿಟ್ರೆ?" ಎಂದಳು. ಟಿಪ್ಸ್ ಓದಿ ಯಾರು ಹೊರಡುತ್ತಾರೆ, ಸುಮ್ಮನಿರು ಎಂದೆ.

ಮುಂದಿನ ವರ್ಷ ಹೊರಟರು. ಮೇಲಿನ ಮಹಡಿಯ ಸುಧಾಕರ, ಅವನ ಹೆಂಡತಿ ಶ್ವೇತಾ, ಏಳು ವರ್ಷದ ಮಗಳು ಅನ್ವಿ. ಜೊತೆಗೆ ಸುಧಾಕರನ ತಂದೆ ಬಾಬಣ್ಣ — ಮಲ್ಪೆಯವರು, ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಮೊಮ್ಮಗಳ ಜೊತೆ ಇರಲು ಬಂದಿದ್ದರು. ಜೀವಮಾನವೆಲ್ಲ ದಡದಲ್ಲಿ ನಿಂತು ಕೈರಂಪಣಿ ಬಲೆಯ ಹಗ್ಗ ಎಳೆದವರು. ಅಂಗೈ ಕಲ್ಲಿನ ಹಾಗಿತ್ತು. ಅನ್ವಿ ಅವರ ಹೆಬ್ಬೆರಳು ಹಿಡಿದುಕೊಂಡೇ ಲಿಫ್ಟಿನಿಂದ ಇಳಿಯುತ್ತಿದ್ದಳು. ಅವರು ತುಳುವಿನಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವಳು, ಇಬ್ಬರಿಗೂ ಒಂದಿಷ್ಟೂ ತೊಂದರೆ ಇರಲಿಲ್ಲ.

ಹೊರಡುವ ಹಿಂದಿನ ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಬಾಬಣ್ಣ ಚಹಾದ ಲೋಟ ಹಿಡಿದು ಬಾಲ್ಕನಿಗೆ ಬಂದರು. ಅಲ್ಲಿ ನಾವಿಬ್ಬರೇ ಇದ್ದೆವು.

"ರಘು ಅವ್ರೇ, ಈಗ ಆಟಿ ತಿಂಗಳು ಅಲ್ವಾ? ಮಳೆ ಜೋರು. ನಮ್ಮಲ್ಲಿ ಆಟಿಯಲ್ಲಿ ಮಕ್ಕಳನ್ನು ಕಡಲಿನ ಹತ್ರ ಬಿಡುದೇ ಇಲ್ಲ. ಅಲ್ಲಿ ಇಳಿಸ್ಲಿಕ್ಕೆ ಆಗ್ತದಾ?"

"ಅಲ್ಲಿನ ಕಡಲೇ ಬೇರೆ ಬಾಬಣ್ಣ. ಏನೂ ಯೋಚನೆ ಮಾಡ್ಬೇಡಿ."

"ನೀವೇ ಇಳಿದದ್ದಾ?"

"ಹೌದು, ನಾನೇ."

"ಹಾಗಾದ್ರೆ ಸರಿ" ಎಂದು ಚಹಾ ಕುಡಿದರು. ಇಷ್ಟು ಬೇಗ ಒಪ್ಪಿದರಲ್ಲ ಎಂದು ನನಗೇ ಆಶ್ಚರ್ಯವಾಗಿತ್ತು. ಅದರ ಅರ್ಥ ಎಷ್ಟೋ ದಿನದ ಮೇಲೆ ಸುಧಾಕರ ಬೇರೇನೋ ಹೇಳುವಾಗ ತಿಳಿಯಿತು. ಅವರಲ್ಲಿ ನೀರಿಗೆ ಇಳಿಯುವವನು ಆಗಷ್ಟೇ ನೀರಿನಿಂದ ಬಂದವನನ್ನು ಕೇಳುತ್ತಾನಂತೆ. ಬಂದವನು ಎಂಥ ಪೋಕರಿಯಾದರೂ, ಹಗೆಯವನಾದರೂ, ಕಡಲಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲವಂತೆ. ಆ ನಂಬಿಕೆಯನ್ನು ಅವರು ಮಲ್ಪೆಯಿಂದ ನನ್ನ ಬಾಲ್ಕನಿಯವರೆಗೆ ತಂದಿದ್ದರು, ಅದನ್ನು ನಾನು...

ಅವರು ಹೋದ ಮೂರನೆಯ ಬೆಳಿಗ್ಗೆ ಮಳೆ ನಿಂತಿತ್ತು. ನೀರು ಮೇಲೆ ಮೇಲೆ ಶಾಂತವಾಗಿತ್ತಂತೆ. ನಾನು ಬರೆದ ಹಾಗೆಯೇ ದಕ್ಷಿಣಕ್ಕೆ ಹತ್ತು ನಿಮಿಷ ನಡೆದರು. ಬಾಬಣ್ಣ ಮೊಮ್ಮಗಳ ಕೈ ಹಿಡಿದು ಮೊಣಕಾಲಿನವರೆಗೆ ಇಳಿದರು. ಕಾಲಡಿಯ ಮರಳನ್ನೇ ಯಾರೋ ಎಳೆದ ಹಾಗಾಯಿತು, ಅನ್ವಿಯ ಕೈ ಜಾರಿತು. ದೋಣಿ ಒರೆಸುತ್ತಿದ್ದ ಇಬ್ಬರು ಹಗ್ಗ ಎಸೆದು ಅಜ್ಜ-ಮೊಮ್ಮಗಳಿಬ್ಬರನ್ನೂ ದಡಕ್ಕೆ ಎಳೆದುಹಾಕಿದರು. ಮಗುವಿನ ಎದೆಯಲ್ಲಿ ನೀರು ತುಂಬಿತ್ತು. ನಾಲ್ಕು ದಿನ ಆಸ್ಪತ್ರೆ, ಅದರಲ್ಲಿ ಎರಡು ದಿನ ಉಸಿರಾಟದ ಯಂತ್ರ.

ಆಸ್ಪತ್ರೆಯ ಬಾಗಿಲಲ್ಲಿ ಶ್ವೇತಾ ಮಾವನಿಗೆ ಹೇಳಿದಳಂತೆ — "ನಿಮ್ಮ ಕೈಯಲ್ಲಿ ಕೊಟ್ಟದ್ದೇ ನನ್ನ ತಪ್ಪು." ಸುಧಾಕರ ಕೇಳಿದನಂತೆ — "ಆಟಿಯಲ್ಲಿ ಇಳಿಯಬಾರ್ದು ಅಂತ ಊರಿಗೆಲ್ಲ ಹೇಳುವವರು ನೀವು. ನೀವು ಹೇಗೆ ಇಳಿದ್ರಿ ಅಪ್ಪ?" ಬಾಬಣ್ಣ ನನ್ನ ಹೆಸರು ಹೇಳಲಿಲ್ಲ. ಒಂದು ಮಾತು, "ರಘು ಹೇಳಿದ್ರು" ಎಂದಿದ್ದರೆ ಸಾಕಿತ್ತು. ಹೇಳಲಿಲ್ಲ. ಟಿಪ್ಸ್ ಓದಿದ ಸುಧಾಕರನಿಗೂ ನನ್ನ ಮೇಲೆ ಅನುಮಾನ ಬರಲಿಲ್ಲ — ನಾನು ನಿಂತು ಬಂದ ನೀರಲ್ಲವೇ ಅದು!

ದುಬೈಗೆ ಮರಳಿದ ವಾರದಲ್ಲೇ ಬಾಬಣ್ಣನ ಟಿಕೆಟ್ ಬದಲಾಯಿತು. ವೀಸಾ ಇನ್ನೂ ಒಂದೂವರೆ ತಿಂಗಳಿತ್ತು. ಆ ದಿನ ಸುಧಾಕರ ಮಗಳನ್ನು ಡಾಕ್ಟರ ಬಳಿ ಕರೆದೊಯ್ಯಬೇಕಿತ್ತು, ಹಾಗಾಗಿ ವಿಮಾನ ನಿಲ್ದಾಣಕ್ಕೆ ನಾನು ಬಿಡುತ್ತೇನೆ ಎಂದೆ. ಅಷ್ಟಾದರೂ ಮಾಡೋಣ ಎನಿಸಿತ್ತು — ಎಂಥ ಅಗ್ಗದ ಪ್ರಾಯಶ್ಚಿತ್ತ! ಪೆಟ್ಟಿಗೆ ಇಳಿಸಿದ ಮೇಲೆ, ಬಾಬಣ್ಣ ಬಿಸಿಲಿನಲ್ಲಿ ನಿಂತು ಕೇಳಿದರು.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ ಮಾರಾಯ್ರೆ. ನೀವು ನಿಜವಾಗಿ ಅಲ್ಲಿ ನೀರಿಗೆ ಇಳಿದಿದ್ರಾ?"

ಅವರ ದನಿಯಲ್ಲಿ ಕೋಪವಿರಲಿಲ್ಲ. ಇಲ್ಲ ಎಂದರೆ ಅಲ್ಲೇ ಕ್ಷಮಿಸಿಬಿಡುತ್ತಿದ್ದರೇನೋ. ಇಲ್ಲವೆಂದರೆ ಶ್ವೇತಾಳಿಗೆ ತಿಳಿಯುತ್ತದೆ, ಕಟ್ಟಡಕ್ಕೆಲ್ಲ ತಿಳಿಯುತ್ತದೆ, ಲಿಫ್ಟಿನಲ್ಲಿ ಯಾರ ಮುಖ ನೋಡಲಿ — ಅಷ್ಟು ಹೊತ್ತಿನಲ್ಲಿ ಇಷ್ಟೆಲ್ಲ ಯೋಚಿಸಿದೆ, ಆ ಮುದುಕನ ಬಗ್ಗೆ ಒಂದು ಚೂರೂ ಯೋಚಿಸಲಿಲ್ಲ.

"ಇಳಿದಿದ್ದೆ ಬಾಬಣ್ಣ" ಎಂದೆ.

ಅವರು ತಮ್ಮ ಎರಡೂ ಅಂಗೈಗಳನ್ನು ಮಗುಚಿ ನೋಡಿಕೊಂಡರು.

"ಹಾಗಾದ್ರೆ ಕಡಲಿನದ್ದು ತಪ್ಪಿಲ್ಲ. ನನ್ನ ಕೈಯೇ ಸೋತದ್ದು."

ಹೀಗೆಂದು ಪೆಟ್ಟಿಗೆ ಎಳೆದುಕೊಂಡು ಒಳಗೆ ಹೋದರು. ನಾನು ಕಾರಿನಲ್ಲಿ ಕೂತೆ. ಹಿಂದಿನ ಟ್ಯಾಕ್ಸಿಯವನು ಹಾರ್ನ್ ಬಾರಿಸಿದಾಗ ಗಾಡಿ ತೆಗೆದೆ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವರು ಅವರು. ಊರಿಗೆ ಹೋದ ಮೇಲೆ ಬಾಬಣ್ಣ ಬಲೆಯ ಹಗ್ಗ ಮುಟ್ಟಲಿಲ್ಲ. "ಕೈ ಬಿದ್ದು ಹೋಗಿದೆ ಅಂತಾರೆ. ಡಾಕ್ಟ್ರು ನೋಡಿ ಎಂತದೂ ಇಲ್ಲ ಅಂದ್ರು" ಎಂದು ಸುಧಾಕರ ಹೇಳುತ್ತಿದ್ದ. ಹೇಳುವಾಗ ಅವನ ದನಿಯಲ್ಲಿ ಇನ್ನೂ ಸಿಟ್ಟಿತ್ತು. ಮತ್ತೆ ದುಬೈಗೆ ಅವರನ್ನು ಯಾರೂ ಕರೆಯಲಿಲ್ಲ. ನಾನು ಟಿಪ್ಸ್ ಬರೆಯುವುದನ್ನು ನಿಲ್ಲಿಸಿದೆ. ಅದನ್ನೂ ಜನ ನನ್ನ ವಿನಯವೆಂದೇ ತಿಳಿದರು.

ಹೋದ ತಿಂಗಳು ಸುಧಾಕರನ ತಂಗಿಯ ಮಗುವಿಗೆ ಮಲ್ಪೆಯಲ್ಲಿ ನಾಮಕರಣವಿತ್ತು. ಇಲ್ಲಿ ನಾವೆಲ್ಲ ಸುಧಾಕರನ ಮನೆಯಲ್ಲಿ ಸೇರಿ ಟಿವಿಗೆ ಫೋನ್ ಜೋಡಿಸಿ ನೋಡುತ್ತಿದ್ದೆವು. ಮಗು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ಅಜ್ಜನ ಸರದಿ ಬಂತು. ಬಾಬಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡ ಮಗಾ. ನನ್ನ ಕೈಗೆ ಕೊಡ್ಬೇಡ."

ಮಗಳು ಮತ್ತೆ ಚಾಚಿದಳು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಯಾರೋ ನಗೆಯಾಡಿ ಮಾತು ಮರೆಸಿದರು. ಶ್ವೇತಾ ಎದ್ದು ಅಡುಗೆಮನೆಗೆ ಹೋದಳು. ನನಗೆ ಅಲ್ಲಿ ಕೂರಲಾಗಲಿಲ್ಲ.

ಮರುದಿನ ಸುಧಾಕರನನ್ನು ಕೆಳಗಿನ ಪಾರ್ಕಿಂಗಿಗೆ ಕರೆದು ಕತ್ತರಿಸದ ಫೋಟೊ ತೋರಿಸಿದೆ. ಹೇಳಬೇಕಾದ್ದನ್ನೆಲ್ಲ ಹೇಳಿದೆ, ಬಾಲ್ಕನಿಯಲ್ಲಿ ಆಡಿದ್ದನ್ನೂ, ವಿಮಾನ ನಿಲ್ದಾಣದಲ್ಲಿ ಆಡಿದ್ದನ್ನೂ. ಅವನು ಬೆರಳಿನಿಂದ ಆ ಬಾವುಟವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ.

"ಎರಡು ವರ್ಷ ನಾನು ಅಪ್ಪನ ಹತ್ರ ಸರಿಯಾಗಿ ಮಾತಾಡ್ಲಿಲ್ಲ, ಗೊತ್ತುಂಟಾ ನಿಂಗೆ?" ಎಂದ. ಆಮೇಲೆ, "ಅವರಿಗೆ ನೀನೇ ಹೇಳು. ನನ್ನ ಬಾಯಿಂದ ಕೇಳಿದ್ರೆ, ಅವರನ್ನು ಸಮಾಧಾನ ಮಾಡ್ಲಿಕ್ಕೆ ಹೇಳುದು ಅಂತ ತಿಳೀತಾರೆ." ಅಂದಿನಿಂದ ಅವನು ನನ್ನನ್ನು ಮಾತಾಡಿಸಿಲ್ಲ. ಮಾತಾಡಿಸು ಎಂದು ಕೇಳುವ ಮುಖವೂ ನನಗಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಮಲ್ಪೆಗೆ ಫೋನ್ ಮಾಡಿದೆ. ಹೇಗಿದ್ದೀರಿ, ಊಟವಾಯಿತೇ ಎಂದು ಸುತ್ತಿ ಬಳಸಲು ಹೋಗದೆ ಹೇಳಿದೆ — ಬಾಬಣ್ಣ, ನಾನು ಆ ನೀರಿಗೆ ಇಳಿದೇ ಇರಲಿಲ್ಲ. ನಾನಿದ್ದ ನಾಲ್ಕು ದಿನವೂ ದಡದಲ್ಲಿ ಕೆಂಪು ಬಾವುಟ ಇತ್ತು. ನೋಡಿಯೂ ಮುಚ್ಚಿಟ್ಟೆ. ನಿಮ್ಮ ಕೈ ಸೋತದ್ದಲ್ಲ.

ಫೋನ್ ಇಟ್ಟರೇ ಎಂದುಕೊಂಡೆ. ಉಸಿರು ಕೇಳಿಸುತ್ತಿತ್ತು.

"ನೀರಿನಡಿ ಸೆಳೆತ ಇತ್ತು ಹಾಗಾದ್ರೆ" ಎಂದರು, ತಮಗೇ ಹೇಳಿಕೊಳ್ಳುವವರಂತೆ. ಆಮೇಲೆ ಮೆಲ್ಲಗೆ —

"ನಾನು ಎರಡು ಸಲ ಕೇಳಿದ್ದೆ ನಿಮ್ಮತ್ರ."

ಹೌದು ಎಂದೆ. ಅವರು ಫೋನ್ ಇಟ್ಟರು.