ಎಮ್ಮೆ ಬಾಲ, ಸೋರೆಬುರುಡೆ

ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹುಡುಗಿ ಪ್ರಾಣಿಗಳ ಮಿದುಳಿನ ಬಗ್ಗೆ ಓದುತ್ತಿದ್ದವಳು. ಕಡಲಿನಲ್ಲಿ ಚಿಪ್ಪಿಲ್ಲದ ಬಸವನಹುಳುಗಳಿವೆಯಂತೆ. ಹತ್ತಿರದ ನಂಟಿನ ಎರಡು ಜಾತಿಗಳು ಒಂದೇ ಥರ ಮೈ ಬಳುಕಿಸಿ ಈಜುತ್ತವೆ, ಆದರೆ ಈಜಿಸುವ ನರಗಳ ಜೋಡಣೆಯೇ ಬೇರೆ ಎಂದಳು.

ನಾನು ಒಪ್ಪಲಿಲ್ಲ. "ಅದೆಂಗಾದದವ್ವ? ಹೊನ್ನೂರು ಕೆರೇಲಿ ನಾನೂ ನನ್ ತಂಗೀನೂ ಈಜಿದ್ರೆ ಅವ್ವಂಗೇ ಗುರ್ತು ಸಿಕ್ತಿರ್ಲಿಲ್ಲ. ಮುಳುಗ್ದಂಗೆ ಬೆನ್ಗೆ ಸೋರೆಬುರುಡೆ ಕಟ್ಟಿ ಅವ್ಳಿಗೆ ಈಜು ಕಲಿಸ್ದೋಳೇ ನಾನು."

"ಹೇಗೆ ಕಲಿತ್ರು ಅಂತ ನಿಮ್ಮ ತಂಗೀನೂ ಒಂದ್ಸಲ ಕೇಳಿ" ಎಂದಳು. ಅಲ್ಲೇ ತಂಗಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ನೀನೆಲ್ಲಿ ಕಲಿಸ್ದೆ ಕಣಕ್ಕ? ಅದಕ್ಕೂ ಮುಂಚೇನೇ ಎಮ್ಮೆ ಬಾಲ ಇಡ್ಕಂಡು ಕಲ್ತಿದ್ದೆ. ನಿಂಗೆ ಬೇಜಾರಾಯ್ತದೆ ಅಂತ ಯೋಳ್ನಿಲ್ಲ."

ಹುಡುಗಿ ಕಿಟಕಿಯತ್ತ ತಿರುಗಿ ನಕ್ಕಳು. ನನಗೆ ಆ ಹಸಿರು ನೀರಿನ ಮೇಲೆ ತೇಲುತ್ತಿದ್ದ ನಮ್ಮಿಬ್ಬರ ಜಡೆಗಳು ನೆನಪಾದವು.

ಆದರೂ ಒಂದು ಮಾತು. ಆ ಎಮ್ಮೆಯನ್ನು ಕೆರೆಗೆ ಹೊಡೆದುಕೊಂಡು ಹೋಗುತ್ತಿದ್ದವಳು ನಾನೇ.