ಅರುಂಧತಿಯ ಪಂಕ್ತಿ

ಗುರುವಾರ ಮಧ್ಯಾಹ್ನ ಮೂರೂವರೆಗೆ ಅರುಂಧತಿ ಒನೆಹುಂಗಾ ಪೇಟೆಯ ಬ್ರಾಸರಿಯಲ್ಲಿ, ಅಂದರೆ ಫ್ರೆಂಚ್ ಹೋಟೆಲಿನಲ್ಲಿ, ಕಿಟಕಿ ಪಕ್ಕದ ಮೇಜು ಹಿಡಿದಳೆಂದರೆ ಆಕಾಶ ಕಳಚಿ ಬಿದ್ದರೂ ಏಳುವವಳಲ್ಲ. ರೆಸ್ಟ್‌ಹೋಮಿನ ಮುದುಕರಿಗೆ ಮೈ ತೊಳೆಸಿ, ಗುಳಿಗೆ ನುಂಗಿಸಿ, ಬೆಳಗಿನ ಡ್ಯೂಟಿ ಮುಗಿಸಿಕೊಂಡು ನರ್ಸಿನ ಬೂಟಿನಲ್ಲೇ ಬರುತ್ತಾಳೆ. ಫ್ರೆಂಚ್ ಊಟವೆಂದರೆ ಟೈ ಕಟ್ಟಿ ಕೂರಬೇಕೆಂದು ಹೆದರುವವರು ಹೆದರಲಿ. ಇಲ್ಲಿ ಮೇಜಿಗೆ ಬಿಳಿ ಕಾಗದ ಹಾಸಿರುತ್ತಾರೆ; ಚೆಲ್ಲಿದರೆ ಸುತ್ತಿ ಬಿಸಾಡುತ್ತಾರೆ. ಬಡಿಸುವ ಲೋಸಾ, ಸಮೋವಾ ದ್ವೀಪದ ಗಟ್ಟಿ ಹೆಂಗಸು, ಏನು ಬೇಕೆಂದು ಕೇಳುವುದೇ ಇಲ್ಲ. ಸ್ಟೇಕು, ಪಕ್ಕದಲ್ಲಿ ಕರಿದ ಆಲೂಗಡ್ಡೆ ತಂದಿಡುತ್ತಾಳೆ.

ಸ್ಟೇಕೆಂದರೆ ದನದ ಮಾಂಸ. ಹಾವೇರಿ ಕಡೆಯ ಕೇರಿಯಲ್ಲಿ ಅದನ್ನು ಬೇಯಿಸುವ ದಿನ ಅವಳವ್ವ ಬಾಗಿಲಿಗೆ ಚಿಲಕ ಹಾಕಿ, ಕಿಂಡಿಗೆ ಗೋಣಿತಟ್ಟು ಇಳಿಬಿಡುತ್ತಿದ್ದಳು. ಶಾಲೆಯಲ್ಲಿ ಉಪ್ಪಿಟ್ಟು ಹಂಚುವಾಗ ಕೇರಿಯ ಮಕ್ಕಳ ಸಾಲು ಬೇವಿನ ಮರದ ಬುಡದಲ್ಲಿ. ಉಪ್ಪಿಟ್ಟು ಮೇಲಿಂದ ಬೀಳುತ್ತಿತ್ತು. ಸೌಟು ತಟ್ಟೆಗೆ ತಾಗುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಇಪ್ಪತ್ತೆರಡು ವರ್ಷದ ಹಿಂದೆ ಸಮುದ್ರ ದಾಟಿ ಈ ದೇಶಕ್ಕೆ ಬಂದವಳು ಕಿಟಕಿಯ ಮೇಜನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ನೋಡುವವರು ನೋಡಲಿ.

ಅರವತ್ತು ತುಂಬಿದ ದಿನ ಇಲ್ಲಿನ ಎಂಟು ಜನ ಕನ್ನಡದವರನ್ನು ಅಲ್ಲಿಗೇ ಊಟಕ್ಕೆ ಕರೆದಳು. ಒಂದೇ ಉದ್ದನೆ ಮೇಜು, ನಡುವೆ ತಾನು, ಪಕ್ಕದಲ್ಲಿ ಪದ್ಮಾವತಿ. ಅಷ್ಟೇ ಆಸೆ. ಪದ್ಮಾವತಿ ಹದಿನೈದು ವರ್ಷದ ಗೆಳತಿ. ಪಿತ್ತಕೋಶದ ಆಪರೇಷನ್ ಆಗಿ ಮಲಗಿದ್ದಾಗ ಹತ್ತು ದಿನ ಅವಳ ಮನೆಗೆ ಹೋಗಿ ಮೈ ಒರೆಸಿ ಗಂಜಿ ಕುಡಿಸಿದವಳು ಅರುಂಧತಿ.

ಡ್ಯೂಟಿ ಮುಗಿಸಿ ಬಂದು ನೋಡಿದರೆ ಮೇಜು ಎರಡಾಗಿತ್ತು. ಉದ್ದನೆಯದಕ್ಕೆ ಎಂಟೂ ಜನ ಕೂತಿದ್ದರು. ಅಡುಗೆಮನೆ ಬಾಗಿಲ ಹತ್ತಿರ ಒಂದು ಪುಟ್ಟ ಮೇಜು, ಒಂದೇ ಕುರ್ಚಿ, ಕುರ್ಚಿಯ ಮೇಲೆ ಹೂಗುಚ್ಛ.

"ಏನ್ರಿ ಇದು?"

ಪದ್ಮಾವತಿಯ ಗಂಡ ಚಂದ್ರಮೌಳಿ ನಗುತ್ತ ಎದ್ದ. ಮೈಸೂರಿನವನು. ಅರುಂಧತಿಯೇ ಹೇಳಿ ಕಳಿಸಿದ್ದಾಳೆಂದು ಲೋಸಾಗೆ ನಂಬಿಸಿ ಮೇಜು ಬಿಡಿಸಿದ್ದವನು ಅವನೇ.

"ತಪ್ಪು ತಿಳ್ಕೋಬೇಡಿ ಸಿಸ್ಟರ್. ಇವತ್ತು ಈ ಟೇಬಲ್ ಪೂರ್ತಿ ವೆಜ್. ನಮ್ ಮುಂದೆ ಅದನ್ನ ತಿನ್ನಕ್ಕೆ ನಿಮಗೆ ಮುಜುಗರ ಆಗ್ಬಾರ್ದಲ್ವಾ? ಫ್ರೀಯಾಗಿ ಕೂತ್ಕೊಳ್ಳಿ. ಕೇಕ್ ಕಟ್ ಮಾಡೋವಾಗ ಈ ಕಡೆ ಬಂದ್ಬಿಡಿ."

ಎಂಟರಲ್ಲಿ ಮೂವರು ಮನೆಯಲ್ಲಿ ಕೋಳಿ ತಿನ್ನುವವರೇ. ಅವತ್ತು ಅವರೂ ಸಸ್ಯಾಹಾರಿಗಳಾಗಿ ತಲೆ ತಗ್ಗಿಸಿದ್ದರು.

"ನನಗ ಮುಜುಗರ ಅಂತ ನಿಮಗ್ಯಾರ್ ಹೇಳಿದ್ರು?"

"ಎರಡು ಹೆಜ್ಜೆ ದೂರ ಅಷ್ಟೇ ಸಿಸ್ಟರ್."

"ಸಾಲ್ಯಾಗ ಬೇವಿನ ಗಿಡಾನೂ ಅಷ್ಟ ದೂರ ಇತ್ರಿ."

ಯಾರಿಗೂ ಅರ್ಥವಾಗಲಿಲ್ಲ. ಪದ್ಮಾವತಿ ಮೇಜಿನ ಕಾಗದದ ಅಂಚು ಮಡಚುತ್ತ ಕೂತಿದ್ದಳು, ಮುಖ ಎತ್ತಲಿಲ್ಲ. ಚುಚ್ಚಿದ್ದು ಅದೇ. ಚಂದ್ರಮೌಳಿಯಂಥವರನ್ನು ಅರುಂಧತಿ ಹುಟ್ಟಿದಾಗಿನಿಂದ ಕಂಡಿದ್ದಾಳೆ. ಹೊರಟು ಹೋಗಿಬಿಡಲೇ ಅನ್ನಿಸಿತು. ಹೋಗಬೇಕಾದವಳು ತಾನ್ಯಾಕೆ? ಕರೆದವಳೇ ತಾನು.

ಅಷ್ಟರಲ್ಲಿ ಲೋಸಾ ಸೂಪಿನ ಬಟ್ಟಲು ತಂದು ಎಂಟೂ ಜನರ ಮುಂದಿಟ್ಟಳು. ಎಲ್ಲರಿಗೂ ಅದನ್ನೇ ತರಲು ಚಂದ್ರಮೌಳಿ ಮೊದಲೇ ಹೇಳಿಟ್ಟಿದ್ದ.

"ಈರುಳ್ಳಿ ಸೂಪು! ಹೋದ ತಿಂಗಳು ಬಂದಾಗ ಎರಡು ಬಟ್ಟಲು ಕುಡಿದೆ. ಬರೀ ಈರುಳ್ಳಿ, ಬ್ರೆಡ್ಡು, ಚೀಸು. ಏನ್ ರುಚಿ ಅಂತೀರಾ!"

ಅರುಂಧತಿಗೆ ಆ ಸೂಪು ಗೊತ್ತು. ದನದ ಎಲುಬನ್ನು ದಿನವಿಡೀ ಕುದಿಸಿ, ಆ ಸಾರಿನಲ್ಲಿ ಈರುಳ್ಳಿ ಬೇಯಿಸುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮನೆಗೆ ಹೋಗಿ ಹೊಟ್ಟೆ ಹುಣ್ಣಾಗುವಷ್ಟು ನಗಬಹುದಿತ್ತು. ಆದರೆ ಮೂವತ್ತೆಂಟು ವರ್ಷ ನರ್ಸಾಗಿ, ಏನೆಂದು ಹೇಳದೆ ಯಾರ ಬಾಯಿಗೂ ಒಂದು ಗುಳಿಗೆ ಹಾಕಿದವಳಲ್ಲ ಅವಳು.

"ಚಮಚ ಕೆಳಗಿಡ್ರಿ." ವಾರ್ಡಿನ ದನಿ. ಎಂಟೂ ಚಮಚ ಕೆಳಗಿಳಿದವು. "ಅದು ದನದ ಎಲುಬಿನ ಸಾರೈತಿ. ಕುಡಿಯೋರು ತಿಳದು ಕುಡೀರಿ."

ಚಂದ್ರಮೌಳಿ ಲೋಸಾಳ ಕಡೆ ತಿರುಗಿ, ಇದು ದನದ ಸಾರೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಹೌದು, ಯಾವಾಗಲೂ ಅದೇ," ಎಂದಳು ಅವಳು ತನ್ನ ಇಂಗ್ಲಿಷಿನಲ್ಲಿ. "ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ. ನೀವು ಮೇಜು ಬಿಡಿಸೋಕೆ ಮಾತ್ರ ಹೇಳಿದಿರಿ."

ಅವನ ಮುಖ ಹಳಸಿದ ಹಿಟ್ಟಿನಂತಾಯಿತು.

"ಹೋದ ತಿಂಗಳ ನನ್ನ ಪಂಕ್ತಿಗೆ ಬಂದೀರಿ ಸಾಹೇಬ್ರ. ಅದೂ ಎರಡ್ ಬಟ್ಲ," ಎಂದಳು ಅರುಂಧತಿ. "ಇನ್ನ ಮೇಜ್ಯಾಕ ಬ್ಯಾರೆ?"

ಹೂಗುಚ್ಛವನ್ನು ಲೋಸಾಳ ಕೈಗೆ ತುರುಕಿ, ಪುಟ್ಟ ಮೇಜಿಗೆ ಸೊಂಟ ಕೊಟ್ಟಳು. ರೋಗಿಯ ಸಮೇತ ಮಂಚ ತಳ್ಳಿದ ಸೊಂಟ. ಮೇಜು ಕಿರ್ರೆಂದು ಅರಚುತ್ತ ಬಂದು ಉದ್ದನೆ ಮೇಜಿಗೆ ಗುದ್ದಿತು. ಬಟ್ಟಲುಗಳಿಂದ ಸೂಪು ತುಳುಕಿ ಕಾಗದವೆಲ್ಲ ಕಂದುಬಣ್ಣಕ್ಕೆ ತಿರುಗಿತು. ಅವಳು ತನ್ನ ಕುರ್ಚಿ ಎಳೆದುಕೊಂಡು ಕೂತಳು.

"ಪದ್ಮಾ, ನಿನ್ನ ಬಾಯಿಗೆ ಗಂಜಿ ಹಾಕಿದ ಕೈ ಯಾವ ಪಂಕ್ತೀದವ್ವ?"

ಪದ್ಮಾವತಿ ಮಡಚುತ್ತಿದ್ದ ಕಾಗದದ ಅಂಚನ್ನು ಬಿಟ್ಟಳು.

"ಏಳು ಪದ್ಮಾ, ಹೋಗೋಣ," ಎಂದ ಚಂದ್ರಮೌಳಿ.

ಆಗ ಅವಳು ಎದ್ದಳು. ಕುರ್ಚಿಯನ್ನೂ ಎತ್ತಿಕೊಂಡಳು. ತಂದು ಅರುಂಧತಿಯ ಪಕ್ಕಕ್ಕೆ ಹಾಕಿ ಕೂತಳು.

"ನೀವು ಹೋಗಿ ಬಾಯಿ ತೊಳ್ಕೊಳ್ಳಿ. ನಂಗೆ ಹಸಿವಾಗಿದೆ."

ಅವನು ಹೋಗಿ ಕಾರಿನಲ್ಲಿ ಕೂತ. ಆಮೇಲೆ ಕೋಳಿ ತಿನ್ನುವ ಮೂವರಲ್ಲಿ ಒಬ್ಬ ಮೆಲ್ಲಗೆ, "ಲೋಸಾ, ಚಿಕನ್ ಏನೇನಿದೆ?" ಎಂದು ಕೇಳಿದ.

ಪದ್ಮಾವತಿಗೆ ಬೀಟ್‌ರೂಟ್ ಸಲಾಡು ಬಂತು. ಅರುಂಧತಿಗೆ ಸ್ಟೇಕು ಬಂತು, ಹೊಗೆಯಾಡುತ್ತ.

"ವಾಸನಿ ಬರ್ತದೇನ?"

"ಬರತ್ತೆ ಕಣೇ. ತಡ್ಕೊಳ್ಳಕ್ಕಾಗಲ್ಲ," ಎಂದು ಪದ್ಮಾವತಿ ಮೂಗಿಗೆ ಸೆರಗು ಹಿಡಿದಳು. ಕುರ್ಚಿ ಮಾತ್ರ ಸರಿಸಲಿಲ್ಲ.