ತಂಗಿಯ ಎದೆಯೊಳಗಿನ ಗುರುಗುಟ್ಟು

ನನ್ನ ತಂಗಿಯನ್ನು ಕಳ್ಳಂಬೆಳ್ಳದ ಕಡೆ ಕೊಟ್ಟಿದ್ದೆವು. ಒಂದು ಹೆಣ್ಣುಮಗು ಆದಮೇಲೆ ಅವಳಿಗೆ ಉಸಿರು ಸಾಲದಾಯಿತು. ಬಿಂದಿಗೆ ಹೊತ್ತು ಕೆರೆ ಏರಿ ಹತ್ತುವಾಗ ಅಲ್ಲಲ್ಲಿ ಕೂತುಬಿಡುತ್ತಿದ್ದಳು. ಅವಳ ಅತ್ತೆ ಅದನ್ನು ಮೈಗಳ್ಳತನ ಅಂದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದಳು. ಅದು ಗಂಡನ ಪಕ್ಕ ಮಲಗದಿರಲು ಹೂಡಿದ ನಾಟಕವಂತೆ. ಅತ್ತೆಗೆ ಬೇಕಿದ್ದದ್ದು ಗಂಡುಮಗು.

ಅವಳ ಅಕ್ಕ ನಾನು ಆಗ ಮಧುಗಿರಿಯಲ್ಲಿದ್ದೆ. ಹಬ್ಬಕ್ಕೆ ಬಂದ ತಂಗಿಯ ತುಟಿ ನೇರಳೆಹಣ್ಣು ತಿಂದಂತಿದ್ದುದನ್ನು ನೋಡಿ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಸೊಸೆ ತವರಲ್ಲೇ ಉಳಿದುಬಿಟ್ಟಾಳೆಂದು ಅತ್ತೆಯೂ ಬೆನ್ನಿಗೆ ಬಂದಳು.

ಡಾಕ್ಟರು ಕಿವಿಗೆ ರಬ್ಬರ್ ಕೊಳವೆ ಸಿಕ್ಕಿಸಿಕೊಂಡು ಸೀರೆಯ ಮೇಲೇ ಅದರ ಬಿಲ್ಲೆ ಇಟ್ಟರು. ನಾವು ಲಿಂಗ ಕಟ್ಟುವ ಜನ. ಹಸುಗೂಸಿಗೆ ಕಟ್ಟಿದ ಲಿಂಗ ಸಾಯುವ ತನಕ ಮೈ ಬಿಡಕೂಡದು. ತಂಗಿಯ ಬೆಳ್ಳಿ ಕರಡಿಗೆ, ಅಂದರೆ ಲಿಂಗವಿಡುವ ಡಬ್ಬಿ, ಸರಿಯಾಗಿ ಎಡಮೊಲೆಯ ಕೆಳಗೇ ತೂಗುತ್ತಿತ್ತು.

"ನನಗೆ ಬೆಳ್ಳಿ ಸದ್ದು ಕೇಳ್ತಿದೆ ತಾಯಿ, ಗುಂಡಿಗೆ ಕೇಳ್ತಿಲ್ಲ. ಅದನ್ನ ಸ್ವಲ್ಪ ತೆಗೀರಿ," ಅಂದರು ಡಾಕ್ಟರು.

"ತೆಗೆಯೋದಾ? ಉಸಿರು ಹೋದ್ರೂ ತೆಗೆಯಂಗಿಲ್ಲ," ಅಂದಳು ಅತ್ತೆ.

ಉಸಿರು ಹೋಗುತ್ತಿದೆಯೆಂದೇ ನಾವು ಬಂದದ್ದು. ಡಾಕ್ಟರು ಬೇಡಿದರು, ಅತ್ತೆ ಬಗ್ಗಲಿಲ್ಲ, ಮಧ್ಯೆ ತಂಗಿ ಕಟ್ಟೆಗೆ ಎಸೆದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದಳು. ನನಗೆ ತಲೆ ಕೆಟ್ಟಿತು.

"ಪೂಜೇಲಿ ದಿನಾ ಅಂಗೈ ಮ್ಯಾಲೆ ಇಟ್ಕೊಳ್ಳಲ್ವೇನೇ? ಅಂಗೇ ಇಟ್ಕೊಂಡು ಕೂತ್ಕೊ. ಮೈ ಬಿಟ್ಟಂಗೂ ಆಗಲ್ಲ," ಅಂದೆ. ತಂಗಿ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡಳು.

ಡಾಕ್ಟರು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದರು. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಆಮೇಲೆ ಮಂಡಿ ಊದಿ ಜ್ವರ ಕಾದಿತ್ತೇ ಎಂದರು. ಕಾದಿತ್ತು. ವಾಯು ಅಂದುಕೊಂಡು ಹರಳೆಲೆ ಬಿಸಿ ಮಾಡಿ ಕಟ್ಟಿದ್ದೆವು.

"ಗುಂಡಿಗೆ ಒಳಗೆ ಬಾಗಿಲುಗಳಿವೆ. ಅವು ಮುಚ್ಚೋ ಸದ್ದೇ ನಾವು ಕೇಳೋ ಬಡಿತ. ಆ ಜ್ವರದಿಂದ ಒಂದು ಬಾಗಿಲ ಅಂಚು ಅಂಟಿಕೊಂಡಿದೆ, ಪೂರ್ತಿ ತೆರೆಯಲ್ಲ. ಹಿಂದೆ ನಿಂತ ರಕ್ತ ಶ್ವಾಸಕೋಶಕ್ಕೆ ಒತ್ತುತ್ತೆ. ಭಾರ ಎತ್ತಬಾರದು, ಉಪ್ಪು ಕಮ್ಮಿ ಮಾಡಬೇಕು. ಇನ್ನೊಂದು ಹೆರಿಗೆ ಆದರೆ ಜೀವ ಉಳಿಯೋದು ಕಷ್ಟ."

"ಬಾಗ್ಲು ತೆಗ್ಯಕ್ಕೆ ಔಷ್ದಿ ಕೊಡಿ ಮತ್ತೆ," ಅಂದಳು ಅತ್ತೆ.

"ಉಸಿರಾಟಕ್ಕೆ ಕೊಡ್ತೀನಿ. ಬಾಗಿಲು ತೆಗೆಯೋ ಔಷಧಿ ಇಲ್ಲ."

"ಇಲ್ದಿದ್ಮ್ಯಾಕೆ ಅಷ್ಟೊತ್ತು ಕೇಳಿದ್ದು ಯಾತಕ್ಕೆ?"

ಡಾಕ್ಟರು ಸೋತು, ಅತ್ತೆಯ ಕೈಯನ್ನೇ ತಂಗಿಯ ಎದೆಯ ಮೇಲೆ ಇಡಿಸಿದರು. ಅಲ್ಲಿ ಬೆಕ್ಕು ಮಲಗಿ ಗುರುಗುಟ್ಟಿದಂತೆ ಅದುರುತ್ತಿತ್ತು. ರಕ್ತ ಇಕ್ಕಟ್ಟಿನಲ್ಲಿ ನುಗ್ಗುವ ಅದುರು ಅದು ಎಂದು ಬಿಡಿಸಿ ಹೇಳಿದರು. ಅತ್ತೆ ಇನ್ನೊಂದು ಕೈಯನ್ನೂ ಅಲ್ಲಿಟ್ಟು ನೋಡಿದಳು. ಸೊಸೆಯನ್ನು ಕರೆದುಕೊಂಡು ಸುಮ್ಮನೆ ಊರಿಗೆ ಹೋದಳು. ಅರ್ಥವಾಯಿತೆಂದು ನಾನು ನಂಬಿದೆ.

ಸಿರಾ ಸಂತೆಗೆ ಹೋಗಿಬಂದವರು ಆಮೇಲೆ ಸುದ್ದಿ ತಂದರು: ಕಳ್ಳಂಬೆಳ್ಳದ ಹತ್ತಿರ ಒಬ್ಬಳ ಎದೆಯಲ್ಲಿ ಶಿವ ಓಂಕಾರ ಹೇಳುತ್ತಾನಂತೆ. ನನ್ನ ಮೈ ಉರಿದುಹೋಯಿತು. ತಂಗಿಯನ್ನು ಕರೆತರಲೇಬೇಕೆಂದು ಗಾಡಿ ಕಟ್ಟಿಸಿಕೊಂಡು ಹೋದೆ.

ಅವಳು ಕಂಬಳಿ ಗದ್ದುಗೆಯ ಮೇಲೆ ಒರಗಿ ಕೂತಿದ್ದಳು. ಎದೆ ಮುಟ್ಟಿ ನಮಸ್ಕಾರ ಮಾಡಲು ಹೆಂಗಸರು ನಡುಮನೆಯಲ್ಲಿ ಕಾದಿದ್ದರು.

"ಲಿಂಗದ ಕೆಳಗೇ ಮಾತಾಡ್ತಾವ್ನೆ ಕಣಮ್ಮ ಶಿವ. ಬ್ಯಾರೆ ಕಡೆ ಯಾಕಿಲ್ಲ?" ಅಂದಳು ಅತ್ತೆ.

"ಗುಂಡಿಗೆ ಇರೋದೇ ಅಲ್ಲಿ, ಅತ್ತೆ," ಅಂದೆ ನಾನು.

"ನನಗೂ ಐತಲ್ಲ ಗುಂಡಿಗೆ. ಅದ್ಯಾಕೆ ಮಾತಾಡಲ್ಲ?"

ಇದಕ್ಕೆ ಯಾವ ಡಾಕ್ಟರು ಉತ್ತರ ಕೊಟ್ಟಾರು? ಹೆಂಗಸರ ಮುಂದೆಯೇ ಬಿಡಿಸಿ ಹೇಳುತ್ತೇನೆಂದು ಎದ್ದೆ. ತಂಗಿ ನನ್ನ ಸೆರಗು ಜಗ್ಗಿ ಪಕ್ಕಕ್ಕೆ ಕೂರಿಸಿಕೊಂಡಳು.

"ಅಕ್ಕಾ, ಬಾಯ್ಮುಚ್ಕೊಂಡು ಕೂತ್ಕೊ. ನನ್ನ ಕೈಗೆ ಬಿಂದಿಗೆ ಕೊಡ್ತಿಲ್ಲ. ನಮ್ಮನೆಯವ್ರು ಜಗುಲೀಲಿ ಮಲಗ್ತಾರೆ."

"ಉಪ್ಪು?"

"ಮಡಿ ಊಟ ಅಂತ ಸಪ್ಪೇದೇ ಇಕ್ತಾರೆ. ಡಾಕ್ಟ್ರು ಹೇಳಿದ್ದೆಲ್ಲ ನಡೀತೈತೆ."

"ಡಾಕ್ಟ್ರು ಹೇಳಿದ್ರು ಅಂತ ಅಲ್ವಲ್ಲೇ."

"ಯಾಕಾದ್ರೇನು? ರಾತ್ರಿ ಮಲಗಿ ನಿದ್ದೆ ಮಾಡ್ತಿದೀನಿ."

ತುಟಿ ನೋಡಿದೆ. ನೀಲಿ ಇಳಿದಿತ್ತು. ಗಾಡಿಯವನಿಗೆ ಎತ್ತು ಬಿಚ್ಚಲು ಹೇಳಿಕಳಿಸಿದೆ.

ಅಷ್ಟರಲ್ಲಿ ಮುಂದಿನವಳು ಬಂದು ಕೂತಳು. "ನೀವೂ ಮುಟ್ಟಿದ್ದೀರಾ ಅಮ್ಮ? ದಿಟವಾ?" ಎಂದು ನನ್ನನ್ನೇ ಕೇಳಿದಳು.

"ದಿಟ. ಹಗೂರಕ್ಕೆ ಮುಟ್ಟಿ ಎದ್ದೋಗು. ಸುಸ್ತು ಮಾಡಬ್ಯಾಡ ಅವಳಿಗೆ," ಅಂದೆ.

ಮಗಳ ಮದುವೆ ಮಾಡಿಯೇ ತಂಗಿ ಹೋದಳು. ಅಷ್ಟು ಕಾಲ ಅವಳನ್ನು ಉಳಿಸಿಕೊಂಡದ್ದು ಅತ್ತೆಯೇ ಎಂದು ಊರು ಹೊಗಳಿತು. ಅಲ್ಲವೆಂದು ಹೇಳಲು ನನ್ನಿಂದಲೂ ಆಗುವುದಿಲ್ಲ. ಸಿಟ್ಟು ಬರುವುದೇ ಅದಕ್ಕೆ.